ಪೂಜೆಯಾದ ಹದಿನಾಲ್ಕು ಟ್ರೇಲರುಗಳು

ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಲಾರಿ ತೂಗುವ ಕಾಟಾದ ಮೇಲೆ ನಾನು ಗುಮಾಸ್ತನಾಗಿದ್ದೆ. ದಿನವಿಡೀ ಬಿದಿರು ಹೇರಿಕೊಂಡು ಬರುವ ಲಾರಿಗಳನ್ನು ನೋಡಿ ನೋಡಿ ಸಾಕಾಗಿ, ಮನೆಗೆ ಹೋದರೆ ಲಾರಿಯ ಹೆಸರೂ ಬೇಡ ಅನ್ನಿಸಬೇಕಿತ್ತು. ನನಗೆ ಉಲ್ಟಾ ಆಯಿತು. ತೊಂಬತ್ತರ ದಶಕದ ಶುರುವಿನಲ್ಲಿ ಒಂದು ದಿನ ಯಾವುದೋ ಭಾರೀ ಯಂತ್ರವನ್ನು ಹೊತ್ತ ಟ್ರೇಲರ್ ಗೋವಾದ ಕಡೆಯಿಂದ ಬಂತು. ಗೇಟಿನ ತಿರುವಿನಲ್ಲಿ ಅದು ತಿರುಗಲಾರದೆ ಅರ್ಧ ದಿನ ನಿಂತುಬಿಟ್ಟಿತು. ಊರೆಲ್ಲ ಅದರ ಮೇಲಿನ ಯಂತ್ರ ನೋಡಲು ಸೇರಿದರೆ, ನಾನು ಊಟ ಬಿಟ್ಟು ಅದರ ಗಾಲಿ ಎಣಿಸುತ್ತಾ ಸುತ್ತು ಹಾಕಿದೆ. ಮುಂದಿನ ಎಂಜಿನ್ ಭಾಗ ಬೇರೆ, ಹಿಂದಿನ ಹೇರು ಹೊರುವ ಭಾಗ ಬೇರೆ, ನಡುವೆ ಒಂದು ಗೂಟದ ನಂಟು. ಮುಂದಿನದಕ್ಕೆ ಹಾರ್ಸ್ ಅನ್ನುತ್ತಾರೆ ಎಂದು ಡ್ರೈವರ್ ಹೇಳಿದ. ಆವತ್ತಿಗೆ ನನ್ನ ತಲೆ ಕೆಟ್ಟಿತು.

ಅದಾದ ಮೇಲೆ ಗೋವಾ ದಾರಿಯ ರಾಮನಗರದ ಒಂದು ಅಂಗಡಿಯ ಗಾಜಿನ ಕಪಾಟಿನಲ್ಲಿ ಅಂಥದ್ದೇ ಟ್ರೇಲರು ಕಂಡಿತು, ಗೇಣುದ್ದದ್ದು. ಲೋಹದ ಎರಕದ ಮೈ, ಉದ್ದ ಮೂತಿ, ಕೆಂಪು ಬಣ್ಣ. ಬಾನೆಟ್ ಎತ್ತಿದರೆ ಒಳಗೆ ಎಂಜಿನ್, ಎಂಜಿನ್ನಿಗೆ ಫ್ಯಾನು, ಡ್ರೈವರ್ ಸೀಟಿನ ಹಿಂದೆ ಮಲಗಲು ಹಾಸಿಗೆ ಕೂಡ. ಅಂಗಡಿಯವನ ಸಂಬಂಧಿಕನೊಬ್ಬ ಹಡಗಿನಲ್ಲಿದ್ದ. ಊರಿಗೆ ಬಂದಾಗಲೆಲ್ಲ ಒಂದೆರಡು ತರುತ್ತಿದ್ದ. ಆಟದ ಸಾಮಾನಿಗೆ ಇಷ್ಟೊಂದು ಕೊಡುತ್ತಾರೇನು ಎಂದು ಗೆಳೆಯರು ನಕ್ಕರು. ಇದು ಆಟಿಕೆಯಲ್ಲ, ನಿಜವಾದ ಗಾಡಿಯನ್ನು ಅಳತೆಗೆ ತಕ್ಕಂತೆ ಐವತ್ತು ಪಾಲು ಸಣ್ಣದು ಮಾಡಿದ್ದು ಎಂದು ನಾನು ಅವರ ಮೇಲೆ ರೇಗಿದೆ. ರೇಗುವುದು ನನಗೆ ಆಗಲೂ ಸಲೀಸು, ಈಗಲೂ ಸಲೀಸು. ಹೀಗೆ ಎಂಟು ವರ್ಷಗಳಲ್ಲಿ ಹದಿನಾಲ್ಕು ಗಾಡಿಗಳು ಕ್ವಾರ್ಟರ್ಸಿನ ನನ್ನ ಕಪಾಟಿನಲ್ಲಿ ಸಾಲಾಗಿ ನಿಂತವು.

ಹೊಸದು ಬಂದಾಗಲೆಲ್ಲ ಮೊದಲು ನೋಡುತ್ತಿದ್ದವನು ಕೋಗಿಲಬನದ ದಾರಿಯಲ್ಲಿ ಗ್ಯಾರೇಜು ಇಟ್ಟಿದ್ದ ಮೆಕ್ಯಾನಿಕ್. ಊರಿಗೆಲ್ಲ ಅವನು ಉಸ್ತಾದ್. ಅವನು ಕೈ ತೊಳೆದು, ಕನ್ನಡಕ ಹಾಕಿಕೊಂಡು, ಗಾಡಿಯನ್ನು ತಿರುವಿ ಹಾಕಿ ಅದರ ಸ್ಪ್ರಿಂಗಿನ ಪಟ್ಟಿಗಳನ್ನು ಎಣಿಸುತ್ತಿದ್ದ. ನಮ್ಮಿಬ್ಬರ ಸ್ನೇಹ ಅಷ್ಟರಲ್ಲೇ ಇತ್ತು, ನಮಗೆ ಅಷ್ಟು ಸಾಕಿತ್ತು.

ಆಮೇಲೆ ನನ್ನ ಮದುವೆಯಾಯಿತು. ಹುಡುಗಿ ಸಾಂಬ್ರಾಣಿಯ ರೈತರ ಮನೆಯವಳು. ಮನೆಗೆ ಬಂದ ಮೊದಲ ವಾರವೇ ಕಪಾಟು ತೋರಿಸಿ, ಇವುಗಳನ್ನು ಮುಟ್ಟಬೇಡ ಎಂದೆ. ಅವಳು ಹೂಂ ಎಂದಳು, ಧೂಳು ಹೊಡೆಯುವಾಗಲೂ ಆ ಕಡೆ ಹೋಗುತ್ತಿರಲಿಲ್ಲ. ಹೆಂಡತಿ ಎಷ್ಟು ತಿಳಿವಳಿಕೆಯವಳು ಎಂದು ನನಗೆ ಹೆಮ್ಮೆಯೇ ಹೆಮ್ಮೆ.

ಐದನೇ ತಿಂಗಳಿಗೆ ದಸರಾ ಬಂತು. ನಮ್ಮ ಕಡೆ ಖಂಡೆ ಪೂಜೆಯ, ಅಂದರೆ ಆಯುಧಪೂಜೆಯ ದಿನ ಮನೆಯಲ್ಲಿ ದುಡಿಯುವ ವಸ್ತು ಒಂದೂ ಪೂಜೆಯಿಲ್ಲದೆ ಉಳಿಯುವುದಿಲ್ಲ. ಅವಳು ಬೆಳಿಗ್ಗೆ ಎದ್ದು ಈಳಿಗೆ, ಒರಳು, ಹೊಲಿಗೆ ಯಂತ್ರ ಎಲ್ಲ ತೊಳೆದಿಟ್ಟು, ತವರಿನಲ್ಲಿ ಟ್ರ್ಯಾಕ್ಟರ್ರು, ಚಕ್ಕಡಿ, ಸೈಕಲ್ಲು ಸಾಲಾಗಿ ನಿಲ್ಲಿಸುತ್ತಿದ್ದುದನ್ನು ನೆನೆದು, ನಮ್ಮನೆಯಲ್ಲಿ ಪೂಜಿಸಲು ಗಾಡಿ ಒಂದೂ ಇಲ್ಲವೇನು ಎಂದು ಕೇಳಿದಳು. ನಾನು ಕಾರ್ಖಾನೆಯ ಪೂಜೆಗೆ ಹೊರಟಿದ್ದೆ. ಚಪ್ಪಲಿ ಮೆಟ್ಟುತ್ತಾ ಕಪಾಟಿನ ಕಡೆ ಗೋಣು ತಿರುವಿ, "ಅಲ್ಲಿ ಹದಿನಾಲ್ಕು ನಿಂತಾವಲ್ಲ, ಮಾಡು" ಎಂದು ನಕ್ಕು ಹೋದೆ.

ಮಧ್ಯಾಹ್ನ ಬಂದು ನೋಡಿದರೆ ನನ್ನ ಹದಿನಾಲ್ಕು ಗಾಡಿಗಳೂ ಪಡಸಾಲೆಯಲ್ಲಿ ಚಾಪೆಯ ಮೇಲೆ ನಿಂತಿದ್ದವು. ಹಿತ್ತಾಳೆಯ ಪಾತ್ರೆ ತಿಕ್ಕಿದಂತೆ ಹುಣಸೆಹಣ್ಣು, ಬೂದಿ ಹಚ್ಚಿ ಅವುಗಳನ್ನು ತೊಳೆದಿದ್ದಳು. ಬಾಗಿಲ ಮೇಲಿದ್ದ ಕೂದಲೆಳೆಯಂಥ ಅಕ್ಷರಗಳು ಹೋಗಿದ್ದವು, ಹೊಳೆಯುವ ಬಂಪರುಗಳು ಹೊಳಪು ಹೋಗಿ ಬಿಳಚಿಕೊಂಡಿದ್ದವು, ಮೂರು ಗಾಡಿಗಳ ಪಕ್ಕದ ಕನ್ನಡಿಗಳು ಮುರಿದಿದ್ದವು. ಗಾಜಿಗೆ ವಿಭೂತಿ, ಅದರ ಮೇಲೆ ಕುಂಕುಮ. ಹೊಗೆ ಕೊಳವೆಗೊಂದೊಂದು ಚೆಂಡುಹೂ. ಪ್ರತಿ ಗಾಡಿಯ ಮುಂದಿನ ಗಾಲಿಗೆ ಅರ್ಧ ಹೋಳು ನಿಂಬೆಹಣ್ಣು. ಒಂದೊಂದು ಹೋಳೂ ಗಾಲಿಗಿಂತ ದೊಡ್ಡದು. ಈಗ ನೆನೆಸಿಕೊಂಡರೆ ಹೊಟ್ಟೆ ಹಿಡಿದುಕೊಂಡು ನಗಬೇಕು ಅನ್ನಿಸುತ್ತದೆ. ಅವಳು ಆರತಿ ತಟ್ಟೆ ಹಿಡಿದು, ಹೊಸ ಸೀರೆಯುಟ್ಟು, ನಾನು ಬರಲಿ ಎಂದು ಉಪವಾಸ ಕಾಯುತ್ತಿದ್ದಳು.

ನಾನು ಕಿರುಚಾಡಿದೆ. ಏನೇನು ಅಂದೆನೋ ಎಲ್ಲ ನೆನಪಿಲ್ಲ, ಒಂದು ಮಾತು ಮಾತ್ರ ನೆನಪಿದೆ: "ನಿನಗೇನ್ ತಿಳೀತೈತಿ ಇದರಾಗ?" ಬೆಳಿಗ್ಗೆ ನಾನೇ ಹೇಳಿಹೋಗಿದ್ದೆ ಎಂದು ಅವಳು ನೆನಪಿಸಲಿಲ್ಲ. ತಟ್ಟೆ ಕೆಳಗಿಟ್ಟು, ಗಾಡಿಗಳನ್ನು ಒಂದೊಂದಾಗಿ ಒರೆಸಿ ಕಪಾಟಿಗೆ ಸೇರಿಸಿದಳು. ಮರುದಿನ ಬನ್ನಿ ಕೊಡುವ ಹೊತ್ತಿಗೆ ಓಣಿಯವರಿಗೆಲ್ಲ ಕೊಟ್ಟು, ಕೊನೆಗೆ ನನ್ನ ಕೈಯಲ್ಲೂ ಎರಡು ಎಲೆ ಇಟ್ಟು ಕಾಲು ಮುಟ್ಟಿದಳು. ಮುಖ ಎತ್ತಲಿಲ್ಲ. ಅದರ ಮರುದಿನ, ಹಬ್ಬ ಮುಗಿಯಿತೆಂದು ಕರೆಯಲು ಬಂದ ತನ್ನ ತಮ್ಮನ ಜೊತೆ ತವರಿಗೆ ಹೋದಳು.

ನಾಲ್ಕು ದಿನಕ್ಕೆ ಬರಬೇಕಿತ್ತು. ಎಂಟನೇ ದಿನ ಆ ತಮ್ಮನೇ ಬಂದು, ಅಕ್ಕ ಸುಗ್ಗಿ ಮುಗಿಯುವ ತನಕ ಅಲ್ಲೇ ಇರುತ್ತಾಳಂತೆ ಎಂದು ಹೇಳಿ, ಅವಳ ಉಳಿದ ಸೀರೆಗಳನ್ನು ಚೀಲಕ್ಕೆ ತುಂಬಿಕೊಂಡು ಹೋದ. ನಾಲ್ಕು ಸೀರೆ ಸುಗ್ಗಿಗೆ ಬೇಕಾಗುತ್ತವೆ ಸರಿ, ಮದುವೆಯ ರೇಷ್ಮೆ ಸೀರೆ ಯಾಕೆ? ಅವಳು ವಾಪಸ್ಸು ಬರದೇ ಇರಬಹುದು ಎಂಬುದು ಆಗ ನನಗೆ ಹೊಳೆಯಿತು.

ಆದರೂ ನಾನು ಮೊದಲು ಹೋದದ್ದು ಸಾಂಬ್ರಾಣಿಗಲ್ಲ, ಗ್ಯಾರೇಜಿಗೆ. ಗಾಡಿಗಳನ್ನು ಚೀಲದಲ್ಲಿ ತುಂಬಿಕೊಂಡು ಹೋಗಿ ಉಸ್ತಾದನ ಮುಂದೆ ಸುರುವಿದೆ, ನಡೆದದ್ದನ್ನೂ ಹೇಳಿದೆ. ಅವನು ಕನ್ನಡಕ ಹಾಕಿಕೊಂಡು ಮೊದಲು ಚೆನ್ನಾಗಿ ನಕ್ಕ. ಪ್ರತಿ ವರ್ಷ ಖಂಡೆ ಪೂಜೆ ಮುಗಿದ ಮೇಲೆ ಲಾರಿಗಳ ಗಾಜಿನ ಮೇಲಿನ ಕುಂಕುಮ ಕೆರೆಯುವುದೇ ತನಗೆ ಒಂದು ವಾರದ ಕೆಲಸ ಎಂದ. ಆಮೇಲೆ ಒಂದೊಂದೇ ಗಾಡಿಯನ್ನು ಕಿವಿಯ ಹತ್ತಿರ ಹಿಡಿದು ಗಾಲಿ ತಿರುಗಿಸಿದ, ಬಾನೆಟ್ಟುಗಳನ್ನು ಎತ್ತಿ ಇಳಿಸಿದ, ಬಾಗಿಲು ತೆಗೆದು ಹಾಕಿದ.

"ಇಷ್ಟು ತಿಕ್ಕಿದ್ರೂ ಒಂದ ಗಾಲಿ ಸಡಿಲಾಗಿಲ್ಲ ನೋಡ್ರಿ ಸಾಹೇಬ್ರ. ಕೂಸಿಗೆ ಎರದಂಗ ಎರದಾರ. ಕನ್ನಡಿ ನಾ ಹಚ್ಚಿ ಇಡ್ತೇನಿ, ನೀವು ಮೊದಲ ಹೋಗಿ ಅವರನ್ನ ಕರಕೊಂಡು ಬರ್ರಿ" ಎಂದ. ಅಷ್ಟು ಹೇಳಿ, ಎಲ್ಲಕ್ಕಿಂತ ಹೆಚ್ಚು ಬಣ್ಣಗೆಟ್ಟಿದ್ದ ಆ ಮೊದಲ ಕೆಂಪು ಗಾಡಿಯನ್ನು ನನ್ನ ಚೀಲಕ್ಕೆ ಹಾಕಿದ.

ಹಳಿಯಾಳಕ್ಕೆ ಹೋಗಿ ಅಲ್ಲಿಂದ ಸಾಂಬ್ರಾಣಿಯ ಬಸ್ಸು ಹಿಡಿದೆ. ಅವರ ಅಂಗಳದ ತುಂಬ ಗೋವಿನಜೋಳದ ತೆನೆ ಹರವಿತ್ತು. ಅತ್ತೆ "ಬರ್ರಿ" ಎಂದು ನೀರು ಕೊಟ್ಟು ಒಳಗೆ ಹೋದರು, ಮತ್ತೆ ಹೊರಗೆ ಬರಲಿಲ್ಲ. ಮಾವ ಅಂಗಳದ ಆ ತುದಿಯಲ್ಲಿ ಆಗಷ್ಟೇ ಹೊಲದಿಂದ ಬಂದ ಚಕ್ಕಡಿಯ ಎತ್ತು ಬಿಚ್ಚುತ್ತಿದ್ದರು. ನನ್ನ ಹೆಂಡತಿ ಕಟ್ಟೆಯ ಮೇಲೆ ಕೂತು ತೆನೆ ಸುಲಿಯುತ್ತಿದ್ದಳು. ನಾನು ಪಕ್ಕ ಕೂತು ತಪ್ಪಾಯಿತು ಎಂದೆ. ಮಾಡು ಎಂದವನೂ ನಾನೇ, ಬೈದವನೂ ನಾನೇ ಎಂದೆ. ಅವಳು ತೆನೆ ಸುಲಿಯುತ್ತಲೇ ಇದ್ದಳು.

ಆಮೇಲೆ ಹೇಳಿದಳು, ಮೆಲ್ಲಗೆ: "ಬೈದಿದ್ದಕ್ಕಲ್ರಿ. ನನಗೇನ್ ತಿಳೀತೈತಿ ಅಂದ್ರಿ. ಐದು ತಿಂಗಳದಾಗ ಒಂದ ದಿನ ಕರದು ತೋರ್ಸೀರೇನು? ಗ್ಯಾರೇಜಿಗೆ ಒಯ್ದು ತೋರಸ್ತಿದ್ರಿ. ನಿಮಗ ಅವು ಅಷ್ಟು ಬೇಕಾದವು ಅಂತನ ನಾ ಹಬ್ಬದ ದಿನ ದೇವರ ಪಾತ್ರಿಗಿಂತ ಮೊದಲ ಅವನ್ನ ತೊಳದೆ."

ಎಂಟು ವರ್ಷ ನಾನೊಬ್ಬನೇ ಪ್ರೀತಿಸಿದ ವಸ್ತುಗಳನ್ನು ಅವಳು ಒಂದೇ ಬೆಳಿಗ್ಗೆಯಲ್ಲಿ ನನ್ನಷ್ಟೇ ಪ್ರೀತಿಸಿದ್ದಳು, ನಾನು ಅದಕ್ಕೇ ಅವಳನ್ನು ನೋಯಿಸಿದ್ದೆ. ಚೀಲದಿಂದ ಕೆಂಪು ಗಾಡಿ ತೆಗೆದು ಅವಳ ಮಡಿಲಲ್ಲಿಟ್ಟೆ. ಬಾನೆಟ್ ಎತ್ತಿ ಎಂಜಿನ್ ತೋರಿಸಿದೆ, ಹಾಸಿಗೆ ತೋರಿಸಿದೆ. ಅವಳು ಟ್ರೇಲರಿನ ಹೊಟ್ಟೆಯ ಕೆಳಗಿನ ಎರಡು ಪುಟ್ಟ ಕಾಲುಗಳನ್ನು ಮುಟ್ಟಿ, ಇವು ಯಾಕೆ ಎಂದು ಕೇಳಿದಳು. ಮುಂದಿನ ಹಾರ್ಸನ್ನು ಬಿಚ್ಚಿದಾಗ ಹಿಂದಿನದು ನೆಲಕ್ಕೆ ಮುಗ್ಗರಿಸದಂತೆ ಊರಿಕೊಂಡು ನಿಲ್ಲಲು ಎಂದೆ.

"ನಮ್ಮ ಚಕ್ಕಡಿ ಊರುಗೋಲು ಇದ್ದಂಗ" ಎಂದಳು. "ಅಂದ್ರ ಇವು ಬಿಚ್ಚಾಕ ಬರತಾವು?"

ಬರುತ್ತವೆ, ಆದರೆ ಗೂಟ ಸವೆಯುತ್ತದೆ ಎಂದು ಹೆದರಿ ನಾನು ಒಮ್ಮೆಯೂ ಬಿಚ್ಚಿಲ್ಲ ಎಂದೆ.

ಅವಳು ಆಗ ಮೊದಲ ಸಲ ನನ್ನ ಮುಖ ನೋಡಿದಳು. "ಎಂಟು ವರ್ಷ ನೊಗಕ್ಕ ಕಟ್ಟಿ ನಿಲ್ಲಿಸೀರೇನ್ರಿ ಇವನ್ನ?" ಎಂದವಳೇ ಉಗುರಿನಿಂದ ಪುಟ್ಟ ಕಾಲುಗಳನ್ನು ಇಳಿಸಿ, ಹಾರ್ಸನ್ನು ಮೆಲ್ಲಗೆ ಎತ್ತಿ ಬಿಡಿಸಿದಳು. ಗೂಟಕ್ಕೆ ಏನೂ ಆಗಲಿಲ್ಲ. ಟ್ರೇಲರನ್ನು ತೆನೆಗಳ ಮಗ್ಗುಲಲ್ಲಿ ನಿಲ್ಲಿಸಿ, ಹಾರ್ಸನ್ನು ಕಟ್ಟೆಯ ಮೇಲೆ ಗೇಣು ದೂರ ಓಡಿಸಿ ಬಿಟ್ಟಳು. ಮತ್ತೆ ಒಂದು ತೆನೆ ಕೈಗೆತ್ತಿಕೊಂಡು, ಅದನ್ನು ಸುಲಿಯದೆ ಹಾಗೇ ಹಿಡಿದು ಕೂತಳು.

"ನಾಳೆ ಹಳಿಯಾಳಕ್ಕ ಮೊದಲನೇ ಬಸ್ಸು ಎಷ್ಟಕ್ಕೈತ್ರಿ?" ಎಂದು ಕೇಳಿದಳು.

ನನಗೆ ಗೊತ್ತಿರಲಿಲ್ಲ. ಅವಳು ಬರುತ್ತಾಳೋ ಇಲ್ಲವೋ ಎಂದು, ಬರುವಾಗ ಕಂಡಕ್ಟರನನ್ನು ಅದೊಂದು ಕೇಳಲು ಧೈರ್ಯವಾಗಿರಲಿಲ್ಲ. ಮಾವನನ್ನು ಕೇಳಲು ಬರಿಗಾಲಲ್ಲೇ ತೆನೆ ತುಳಿದುಕೊಂಡು ಓಡಿದೆ.