ಶೈಲಶ್ರೀಯ ಹಳೆಯ ಡಿಸ್ಕು

ಶೈಲಶ್ರೀ ಕೂತಲ್ಲಿ ಕೂರುವ ಜೀವವಲ್ಲ. ರಾಣೆಬೆನ್ನೂರಿನಿಂದ ಬಂದು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸಕ್ಕೆ ಸೇರಿದ ಮೇಲೆ ಅವಳು ಬದಲಿಸಿದ ಬಾಡಿಗೆ ಮನೆಗಳ ಲೆಕ್ಕ ಗಂಡನಿಗೂ ತಪ್ಪಿಹೋಗಿತ್ತು. ಗಿಟಾರ್ ಕಲಿತಳು, ಬಿಟ್ಟಳು. ಯೋಗಕ್ಕೆ ಹೋದಳು, ಶವಾಸನದಲ್ಲಿ ಕಣ್ಣು ಬಿಟ್ಟುಕೊಂಡು ಫ್ಯಾನು ನೋಡಿದಳು, ಅದನ್ನೂ ಬಿಟ್ಟಳು. ಬಿಡದೆ ಹಿಡಿದದ್ದು ಡಿಸ್ಕ್ ಗಾಲ್ಫ್ ಒಂದನ್ನೇ.

ಹಾಗಂದರೇನು ಎಂದು ಕೇಳಿದವರಿಗೆಲ್ಲ ಅವಳೇ ಬಿಡಿಸಿ ಹೇಳಬೇಕಿತ್ತು. ಕಂಬಕ್ಕೊಂದು ಬುಟ್ಟಿ, ಬುಟ್ಟಿಯ ಮೇಲೆ ಇಳಿಬಿಟ್ಟ ಸರಪಳಿ. ದೂರದಿಂದ ತಟ್ಟೆಯಂಥ ಪ್ಲಾಸ್ಟಿಕ್ ಡಿಸ್ಕನ್ನು ಎಸೆಯಬೇಕು, ಬಿದ್ದಲ್ಲಿಂದ ಮತ್ತೆ ಎಸೆಯಬೇಕು, ಕಡಿಮೆ ಎಸೆತದಲ್ಲಿ ಬುಟ್ಟಿಗೆ ಹಾಕಿದವರು ಗೆದ್ದಂತೆ. ಅವಳ ಸಹೋದ್ಯೋಗಿ ಈರೇಶ್ ಅಮೆರಿಕದಲ್ಲಿ ಈ ಆಟ ಕಲಿತು ಬಂದು, ಬೊಮ್ಮಸಂದ್ರದ ವರ್ಕ್‌ಶಾಪೊಂದರಲ್ಲಿ ಬುಟ್ಟಿಗಳನ್ನು ವೆಲ್ಡ್ ಮಾಡಿಸಿ, ಚಂದಾಪುರದಾಚೆಯ ನೀಲಗಿರಿ ತೋಪಿನಲ್ಲಿ ನೆಡಿಸಿದ್ದ. ಆಫೀಸಿನವರು ಶನಿವಾರ ಬೆಳಿಗ್ಗೆ ಅಲ್ಲಿ ಸೇರುತ್ತಿದ್ದರು.

ಪ್ರತಿ ಡಿಸ್ಕಿನ ಮೇಲೂ ಅದರ ವೇಗದ ಅಂಕಿ ಇರುತ್ತದೆ. ಶೈಲಶ್ರೀಯದು ಐದರದು. ಮರಕ್ಕೆ ಬಡಿದು ಬಡಿದು ಅಂಚು ಚಕ್ಕೆಯೆದ್ದಿತ್ತು, ಕಿತ್ತಳೆ ಬಣ್ಣ ಮಾಸಿತ್ತು. ಹಿಂಬದಿಯಲ್ಲಿ, ಕಳೆದರೆ ಸಿಕ್ಕವರು ಕರೆಯಲಿ ಎಂದು, ಎಲ್ಲರಂತೆ ಅವಳೂ ಹೆಸರು ಮತ್ತು ಮೊಬೈಲ್ ನಂಬರು ಬರೆದಿದ್ದಳು.

ಆಫೀಸಿನ ಜನಕ್ಕೆ ಅಂಕಿ ಕಂಡರೆ ಬಡ್ತಿಯೇ ನೆನಪಾಗುವುದು. ಒಬ್ಬ ಒಂಬತ್ತಕ್ಕೆ ಹೋದ, ಇನ್ನೊಬ್ಬ ಹನ್ನೊಂದಕ್ಕೆ. ತಾನು ಮಾತ್ರ ಇನ್ನೂ ಐದರಲ್ಲೇ ಕೊಳೆಯುತ್ತಿದ್ದೇನೆ ಎಂಬುದು ಶೈಲಶ್ರೀಯ ನಿದ್ದೆ ಕೆಡಿಸಿತು. ಈರೇಶ್ ಮತ್ತೆ ಅಮೆರಿಕಕ್ಕೆ ಹೊರಟಾಗ, "ನಂಗೊಂದು ಹನ್ನೆರಡು ತಗೊಂಬಾ" ಎಂದಳು.

"ಶೈಲಾ, ನಿನ್ ಕೈಗೆ ಅಷ್ಟು ಸ್ಪೀಡ್ ಇನ್ನೂ ಬಂದಿಲ್ಲ ಕಣೇ. ನಿಧಾನಕ್ಕೆ ಎಸೆದ್ರೆ ಅದು ಎಡಕ್ಕೆ ತಿರುಗಿ ಬಿದ್ದೋಗತ್ತೆ. ಇನ್ನೊಂದು ವರ್ಷ ಐದರಲ್ಲೇ ಆಡು."

ವರ್ಷದ ಕೊನೆಗೆ ಮ್ಯಾನೇಜರ್ ಹೇಳುವ ಮಾತೂ ಇದೇ ಆದ್ದರಿಂದ ಅವಳಿಗೆ ಉರಿದುಹೋಯಿತು. ಹಟ ಹಿಡಿದು ತರಿಸಿಕೊಂಡಳು. ನೀಲಿ, ಹೊಳೆಯುವ ಹನ್ನೆರಡು ಕೈಗೆ ಬಂದ ದಿನವೇ ಹಳೆಯದನ್ನು ಹೊಸಬಳಾದ ಕಾವ್ಯಾಳ ಕೈಗಿಟ್ಟು, "ತಗೋ, ಕಲಿಯೋರಿಗೆ ಇದೇ ಸಾಕು" ಎಂದು ದೊಡ್ಡಸ್ತಿಕೆ ತೋರಿಸಿದಳು. ಬಾಗಲಕೋಟೆಯಿಂದ ಆಗಷ್ಟೇ ಕೆಲಸಕ್ಕೆ ಬಂದಿದ್ದ ಕಾವ್ಯಾ ಅದನ್ನು ಪ್ರಸಾದದ ಹಾಗೆ ಎರಡೂ ಕೈಯಲ್ಲಿ ತೆಗೆದುಕೊಂಡಳು.

ಹನ್ನೆರಡನ್ನು ಎಸೆದಾಗಲೆಲ್ಲ ಅದು ಎಡಕ್ಕೆ ಹೊರಳಿತು. ಶೈಲಶ್ರೀ ಹಿಡಿತ ಬದಲಿಸಿದಳು, ಬೂಟು ಬದಲಿಸಿದಳು, ಗಾಳಿಯನ್ನು ಬೈದಳು. ಅತ್ತ ಕಾವ್ಯಾಳ ಕೈಯಲ್ಲಿ ಚಕ್ಕೆಯೆದ್ದ ಐದರ ಡಿಸ್ಕು ಗೆರೆ ಎಳೆದ ಹಾಗೆ ನೆಟ್ಟಗೆ ಹೋಗುತ್ತಿತ್ತು. ಸವೆದು ಸವೆದು ಅದು ನಿಧಾನದ ಕೈಗೆ ಹದವಾಗಿತ್ತು. ಅಷ್ಟರಲ್ಲಿ ಕಂಪನಿಗಳ ನಡುವಿನ ಪಂದ್ಯ ಗೊತ್ತಾಯಿತು. ತಂಡದಲ್ಲಿ ಒಬ್ಬ ಹೆಂಗಸಿಗೆ ಜಾಗ. ಶೈಲಶ್ರೀಯೋ ಕಾವ್ಯಾಳೋ, ಬರುವ ಶನಿವಾರದ ಆಟ ನೋಡಿ ಹೇಳುತ್ತೇನೆ ಎಂದ ಈರೇಶ್. ಕೊಟ್ಟದ್ದನ್ನು ವಾಪಸ್ ಕೇಳುವುದಕ್ಕೆ ಶೈಲಶ್ರೀಗೆ ನಾಲಿಗೆ ಬರಲಿಲ್ಲ. ಮೀಟಿಂಗಿನಲ್ಲಿ ಕೂತರೂ ಅವಳ ಮಣಿಕಟ್ಟು ಮೇಜಿನ ಕೆಳಗೆ ತಾನೇ ತಿರುಗುತ್ತಿತ್ತು.

ಆ ವಾರ ಕಾವ್ಯಾ ಒಬ್ಬಳೇ ಅಭ್ಯಾಸಕ್ಕೆ ಹೋಗಿ ಡಿಸ್ಕು ಕಳೆದುಕೊಂಡಳೆಂಬ ಸುದ್ದಿ ಆಫೀಸಿಗೆ ಬಂತು. ಶುಕ್ರವಾರ ಸಂಜೆ ಶೈಲಶ್ರೀಯ ಫೋನು ಬಡಿದುಕೊಂಡಿತು. ತೋಪಿನ ಪಕ್ಕ ಹಸು ಸಾಕಿಕೊಂಡಿದ್ದ ಅಶ್ವತ್ಥಮ್ಮ. "ನಿಮ್ ತಟ್ಟೆ ಸಿಕ್ಕೈತೆ ಕಣವ್ವ. ಹಾಲಿನ ವ್ಯಾನಿನೋನು ನಂಬರ್ ಓದಿ ಹೇಳ್ದ."

ಹೋಗಿ ನೋಡಿದರೆ ಮಜ್ಜಿಗೆ ಪಾತ್ರೆಯ ಮೇಲೆ ಐದರ ಡಿಸ್ಕು ಮುಚ್ಚಳವಾಗಿ ಕೂತಿತ್ತು. ಅಶ್ವತ್ಥಮ್ಮ ಅದನ್ನು ಸೆರಗಿನಿಂದ ಒರೆಸಿ ಕೊಟ್ಟಳು. "ಇವತ್ತು ಹುಲ್ಲು ಕೊಯ್ಯೋವಾಗ ಸಿಕ್ತು. ನೆನ್ನೆವರ್ಗೂ ಒಂದು ಹುಡ್ಗಿ ಬಂದು ಪೊದೆ ಪೊದೆ ಹುಡುಕ್ತಿದ್ಲು. ನಿಮ್ ತಂಗೀನಾ?"

"ಹೂಂ, ತಂಗಿ ಇದ್ದ ಹಾಗೆ" ಎಂದಳು ಶೈಲಶ್ರೀ. ತೋಪಿಗೆ ಬಂದು ಒಮ್ಮೆ ಎಸೆದಳು. ಐದು ಅಲುಗದೆ ತೇಲಿ ಹೋಗಿ ಬುಟ್ಟಿಯ ಬುಡದಲ್ಲಿ ಇಳಿಯಿತು. ಅವಳಿಗೆ ಅಳು ಬರುವಷ್ಟು ಸಂತೋಷವಾಯಿತು. ತನ್ನದೇ ಹೆಸರು, ತನ್ನದೇ ನಂಬರು, ತನಗೇ ಬಂದ ಫೋನು, ಯಾರು ಏನೆಂದಾರು? ಕಾವ್ಯಾಳಿಗೆ ಫೋನು ಮಾಡಲಿಲ್ಲ.

ಮಾರನೆಯ ಬೆಳಿಗ್ಗೆ ತೋಪಿನಲ್ಲಿ ಕಾವ್ಯಾ ಅವಳನ್ನೇ ಹುಡುಕಿಕೊಂಡು ಬಂದಳು. ಮುಂಗೈ ತುಂಬ ಲಂಟಾನ ಮುಳ್ಳಿನ ಗೀರು. "ಅಕ್ಕಾರ, ನೀವು ಕೊಟ್ಟಿದ್ದನ್ನ ಕಳಕೊಂಡ್ಬಿಟ್ಟೆನ್ರಿ. ನಿಮ್ಮ ಮುಂದ ನಿಲ್ಲಾಕೂ ನಾಚಿಕಿ ಆಗ್ತೈತಿ."

ಶೈಲಶ್ರೀ ಚೀಲದಿಂದ ಐದನ್ನು ತೆಗೆದಳು. ಕಾವ್ಯಾ ಚಪ್ಪಾಳೆ ತಟ್ಟಿಬಿಟ್ಟಳು. "ಸಿಕ್ತನ್ರಿ! ಸದ್ಯ! ನೀವ ಎಸೀರಿ ಅಕ್ಕಾರ, ನಿಮ್ಮದ ಅಲ್ಲೇನ್ರಿ ಅದು."

ಅಷ್ಟು ಸುಲಭವಾಗಿ ಸಿಕ್ಕರೆ ಕಿತ್ತುಕೊಳ್ಳಲು ಬಂದವಳು ಏನು ಮಾಡಬೇಕು? ಶೈಲಶ್ರೀಗೆ ಆ ಗೀರುಗಳನ್ನು ನೋಡಿಯೂ ನೋಡದ ಹಾಗೆ ಇರಲು ಆಗಲಿಲ್ಲ. "ನೆನ್ನೆ ಸಂಜೇನೇ ಸಿಕ್ತು ಕಣೇ. ಬೇಕಂತ್ಲೇ ನಿಂಗೆ ಹೇಳಿಲ್ಲ" ಎಂದು ಡಿಸ್ಕನ್ನು ಅವಳ ಕೈಗೆ ತುರುಕಿದಳು. ಕೊಟ್ಟ ಮೇಲೂ ಹೊಟ್ಟೆ ಉರಿಯಿತು, ಅದು ಸುಳ್ಳಲ್ಲ. ಹನ್ನೆರಡನ್ನು ಚೀಲದಲ್ಲೇ ಬಿಟ್ಟು, ಈರೇಶನ ಹತ್ತಿರ ಒಂದು ಮೂರನ್ನು ಬೇಡಿ ಪಡೆದಳು. ಅದು ದೂರ ಹೋಗಲಿಲ್ಲ, ಆದರೆ ಎಡಕ್ಕೂ ಹೊರಳಲಿಲ್ಲ. ತಂಡದ ಜಾಗ ಕಾವ್ಯಾಳಿಗೆ ಹೋಯಿತು.

ಹೊರಡುವಾಗ ಕಾವ್ಯಾ ಡಿಸ್ಕನ್ನು ಬೋರಲು ಹಾಕಿ ಕೇಳಿದಳು, "ಅಕ್ಕಾರ, ನಿಮ್ಮ ನಂಬರ್ ಅಳಿಸಿ ನಂದು ಬರೀಲೇನ್ರಿ?"

ಶೈಲಶ್ರೀ ಕಾರಿನ ಬಾಗಿಲಿಗೆ ಕೈ ಹಾಕಿದವಳು ತಟ್ಟನೆ ತಿರುಗಿದಳು.

"ಬೇಡ, ಇರ್ಲಿ ಬಿಡೇ. ಇನ್ನೊಂದ್ಸಲ ಕಳೆದ್ರೂ ಫೋನ್ ನಂಗೇ ಬರ್ಲಿ."