ಬುಡ ಯಾವ ಕಡೆ

...ಅಥವಾ ಆ ಬಾಗಿಲ ಮೇಲೆ ಗಿಳಿಗಳೇ ಇರಲಿಲ್ಲವೋ ಏನೋ. ಇದ್ದವು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಬಳ್ಳಿಯ ತುದಿಯಲ್ಲಿ ಎದುರುಬದುರು ಕೂತ ಎರಡು ಗಿಳಿಗಳು, ಒಂದರ ಕೊಕ್ಕು ಮುರಿದಿತ್ತು. ಆದರೆ ಆ ಮುರಿದ ಕೊಕ್ಕನ್ನು ನಾನು ಬೇರೆಲ್ಲೋ ನೋಡಿ, ತಂದು ಇಲ್ಲಿಗೆ ಅಂಟಿಸಿಕೊಂಡಿರಲೂಬಹುದು. ನೆನಪು ಹೀಗೆ ಚೂರುಗಳನ್ನೆಲ್ಲ ಜೋಡಿಸಿ, ನಯವಾಗಿ ಉಜ್ಜಿ ಮುಂದಿಟ್ಟಾಗ ನನಗೆ ಅನುಮಾನ ಬರುತ್ತದೆ. ಬಳ್ಳಿ ಇದ್ದದ್ದು ಖಂಡಿತ. ಅದನ್ನು ಕೆತ್ತಿದವರು ಇದ್ದದ್ದೂ ಖಂಡಿತ. ಉಳಿದದ್ದನ್ನು ಓದುವವರು ಅರ್ಧ ನಂಬಿದರೆ ಸಾಕು.

ಇದೆಲ್ಲ ಕದಡಿದ್ದು ಅಗಸೆ ಎಣ್ಣೆಯ ವಾಸನೆಯಿಂದ. ಹೋದ ತಿಂಗಳು ಶಿವಮೊಗ್ಗದಲ್ಲಿ ನನ್ನ ತಂಗಿಯ ಮಗ ಕಟ್ಟಿಸಿದ ಹೊಸ ಮನೆಗೆ ಹೋಗಿದ್ದೆ. ಊಟದ ಮೇಜು ಎಂದು ಅವನು ತೋರಿಸಿದ್ದು ಒಂದು ಹಳೆಯ ಬಾಗಿಲನ್ನು. ಅದನ್ನು ಅಡ್ಡ ಮಲಗಿಸಿ, ನಾಲ್ಕು ಕಬ್ಬಿಣದ ಕಾಲು ಕೊಟ್ಟು, ಮೇಲೆ ದಪ್ಪ ಗಾಜು ಹಾಸಿದ್ದರು. ಆಗಷ್ಟೇ ಎಣ್ಣೆ ಕುಡಿಸಿದ ಮರದ ವಾಸನೆ ಕೋಣೆಯ ತುಂಬ ಇತ್ತು. ನನಗೆ ಕೊಟ್ಟ ಉಪ್ಪಿಟ್ಟಿನ ತಟ್ಟೆಯ ಸರಿಯಾಗಿ ಕೆಳಗೆ, ಗಾಜಿನಡಿಯಲ್ಲಿ, ಬಾಗಿಲು ತಟ್ಟುವ ಕಬ್ಬಿಣದ ಬಳೆ. ಎಷ್ಟೋ ಜನ ಹೊರಗೆ ನಿಂತು ಹಿಡಿದು ಬಡಿದ ಬಳೆಯ ಮೇಲೆ ನಾನು ಉಪ್ಪಿಟ್ಟು ತಿನ್ನಬೇಕಿತ್ತು.

ಇದಕ್ಕೆ ನೂರು ವರ್ಷವಂತೆ, ಮಾವ, ಎಂದ. ಯಾರು ಮಾಡಿದ್ದಂತೆ ಎಂದು ಕೇಳಿದೆ.

"ಯಾರೋ, ಹಳೇ ಕಾಲದೋರು."

ಹುಡುಗ ಒಳ್ಳೆಯವನು, ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ 'ಯಾರೋ' ಕೇಳಿದ ಮೇಲೆ ತಟ್ಟೆ ಸರಿಸಿಬಿಟ್ಟೆ. ಹಲ್ಲು ನೋವು ಎಂದು ಸುಳ್ಳು ಹೇಳಿದೆ.

ನನಗೆ ಗೊತ್ತಿದ್ದವರು 'ಯಾರೋ' ಆಗಿರಲಿಲ್ಲ. ಅವರನ್ನು ಬೀದಿಯೆಲ್ಲ ಆಚಾರ್ರು ಎನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ. ಅರವತ್ತರ ದಶಕದ ಮೊದಲ ವರ್ಷಗಳು. ನಾನು ಭದ್ರಾವತಿಯ ಒಂದು ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದೆ. ವಾಸ ಮಾತ್ರ ಶಿವಮೊಗ್ಗದಲ್ಲಿ, ಗಾಂಧಿ ಬಜಾರಿನ ಹಿಂದಿನ ಬೀದಿಯ ಒಂದು ಬಾಡಿಗೆ ಕೋಣೆಯಲ್ಲಿ. ಎದುರಿಗೇ ಆಚಾರ್ರ ಮನೆ. ಅವರು ಆಗಲೇ ಅರವತ್ತರ ಹತ್ತಿರ ಇದ್ದರು. ಸುತ್ತಲಿನ ಊರುಗಳ ಅರ್ಧದಷ್ಟು ದೊಡ್ಡ ಮನೆಗಳಿಗೆ ಅವರ ಕೈಯ ಬಾಗಿಲೇ ಎಂದು ಜನ ಹೇಳುತ್ತಿದ್ದರು. ಅವರ ಸ್ವಂತ ಮನೆಗೆ ಇದ್ದದ್ದು ಪೆಟ್ಟಿಗೆ ಹಲಗೆಯ ಬಾಗಿಲು.

ಭದ್ರಾವತಿಗೆ ಆಗ ಪರದೇಶದಿಂದ ಯಂತ್ರಗಳು ದೊಡ್ಡ ದೊಡ್ಡ ಮರದ ಪೆಟ್ಟಿಗೆಗಳಲ್ಲಿ ಬರುತ್ತಿದ್ದವು. ಯಂತ್ರ ಇಳಿಸಿಕೊಂಡ ಮೇಲೆ ಪೆಟ್ಟಿಗೆಯ ಹಲಗೆಗಳನ್ನು ಹರಾಜು ಹಾಕುತ್ತಿದ್ದರು. ಆಚಾರ್ರ ಬಾಗಿಲು ಅಂಥ ಹಲಗೆಗಳದ್ದು. ಅದರ ಮೇಲೆ ಕಪ್ಪು ಬಣ್ಣದಲ್ಲಿ ಇಂಗ್ಲಿಷ್ ಅಕ್ಷರ, ಪಕ್ಕದಲ್ಲೊಂದು ಬಾಣದ ಗುರುತು: ಈ ಕಡೆ ಮೇಲಿರಲಿ ಎಂದು. ಆಚಾರ್ರು ಹಲಗೆ ಜೋಡಿಸಿದ ರೀತಿಯಲ್ಲಿ ಬಾಣ ನೆಲ ನೋಡುತ್ತಿತ್ತು. ಇಂಗ್ಲಿಷ್ ಬಲ್ಲ ಹೊಸ ಹುಮ್ಮಸ್ಸಿನಲ್ಲಿ ನಾನು, ನಿಮ್ಮ ಬಾಗಿಲು ತಲೆಕೆಳಗಾಗಿದೆ ಆಚಾರ್ರೆ ಎಂದು ನಕ್ಕಿದ್ದೆ. ಅವರೂ ನಕ್ಕರು.

"ಬಾಣ ಬರೆದೋನು ಮರ ನೋಡಿಲ್ಲ ಮಾರಾಯ್ರೆ. ಬುಡ ಈ ಕಡೆ ಇದೆ."

ಮರ ಬೆಳೆಯುವಾಗ ಯಾವ ತುದಿ ಬೇರಿನ ಕಡೆ ಇತ್ತೋ ಆ ತುದಿ ಬಾಗಿಲಾದ ಮೇಲೂ ನೆಲದ ಕಡೆಗೇ ಇರಬೇಕು. ಕಂಬವಾದರೂ ಅಷ್ಟೇ, ಬಾಗಿಲಾದರೂ ಅಷ್ಟೇ. ಇದು ಅವರ ಕಸುಬಿನ ಕಟ್ಟಳೆ. ಪೆಟ್ಟಿಗೆ ಹಲಗೆಗೂ ಅವರು ಅದನ್ನು ಬಿಟ್ಟಿರಲಿಲ್ಲ. ನನ್ನ ಕೈ ಹಿಡಿದು, ಹಲಗೆಯ ಮೇಲೆ ಸವರಿಸಿ, ಗಂಟು ಎತ್ತ ತಿರುಗಿದೆ, ಎಳೆ ಎತ್ತ ಸಣ್ಣಗಾಗುತ್ತದೆ ಎಂದು ತೋರಿಸಿದರು. ನಾನು ಗೊತ್ತಾಯಿತು ಎಂದು ತಲೆಯಾಡಿಸಿದೆ.

ಆ ವರ್ಷವೇ ಇರಬೇಕು, ನಮ್ಮ ಕಾರ್ಖಾನೆಯ ಒಬ್ಬ ದೊಡ್ಡ ಸಾಹೇಬರು ಹೊಳಲೂರಿನಲ್ಲಿ ಕೆಡವಿದ ಒಂದು ಮನೆಯ ಜೋಡಿ ಕದದ ಬಾಗಿಲನ್ನು ಕೊಂಡು ತಮ್ಮ ಬಂಗಲೆಗೆ ಸಾಗಿಸಿದರು. ಪರದೇಶದ ಇಂಜಿನಿಯರುಗಳು ಚಹಾಕ್ಕೆ ಬರುತ್ತಿದ್ದ ಮನೆ ಅದು. ಹಜಾರದಲ್ಲಿ ಏನಾದರೂ ನಮ್ಮ ದೇಶದ್ದು ಇರಲಿ ಎಂದು ಅವರ ಹೆಂಡತಿಗೆ ಆಸೆ. ನಾನು ಆಗ ಹೊಸ ರೀತಿಯ ಚಿತ್ರ ಬರೆಯುತ್ತೇನೆಂದು ಕಾರ್ಖಾನೆಯಲ್ಲಿ ಒಂದಿಷ್ಟು ಹೆಸರಾಗಿದ್ದೆ. ಕರೆಸಿ, ಇದನ್ನು ಅಲಂಕಾರ ಮಾಡಿಕೊಡು ಎಂದರು. ಉಬ್ಬಿಹೋದೆ. ಎರಡೇ ದಿನದಲ್ಲಿ ನಕ್ಷೆ ತಯಾರು. ಒಂದು ಕದ ಕೊಯ್ದು ಗಿಡ್ಡ ಮೇಜು. ಇನ್ನೊಂದು ಕದ ಗೋಡೆಗೆ, ಅದೂ ತಲೆಕೆಳಗಾಗಿ. ಬಳ್ಳಿ ಮೇಲಿನಿಂದ ಕೆಳಗೆ ಸುರಿಯಬೇಕು, ಗಿಳಿಗಳು ಬಾವಲಿಗಳ ಹಾಗೆ ಜೋತಾಡಬೇಕು. ನೋಡುವವರ ಅಭ್ಯಾಸದ ಕಣ್ಣನ್ನು ಒಡೆಯಬೇಕು ಎಂದೆಲ್ಲ ನಾನು ಆಗ ಮಾತಾಡುತ್ತಿದ್ದೆ. ಒಡೆಯಲು ನನ್ನ ಕೈಗೆ ಸಿಕ್ಕಿದ್ದು ಇನ್ನೊಬ್ಬರ ಬಾಗಿಲು.

ಕೆಲಸಕ್ಕೆ ಆಚಾರ್ರನ್ನು ಕರೆದುಕೊಂಡು ಹೋದವನೂ ನಾನೇ. ಭದ್ರಾವತಿಯ ಬಸ್ಸು ಮಾಚೇನಹಳ್ಳಿ ದಾಟಿದರೂ ಅವರು ಮೊಮ್ಮಗಳ ಮದುವೆಯ ಮಾತಾಡುತ್ತಿದ್ದರು. ಬಂಗಲೆಯ ಜಗುಲಿಯಲ್ಲಿ ಗೋಡೆಗೆ ಒರಗಿಸಿದ್ದ ಕದ ಕಂಡೊಡನೆ ಮಾತು ನಿಂತಿತು. ಹತ್ತಿರ ಹೋದರು. ಮುಂಬದಿಯ ಕೆತ್ತನೆಯನ್ನು ನೋಡಲಿಲ್ಲ. ಕುಕ್ಕರಗಾಲಲ್ಲಿ ಕೂತು, ಕದವನ್ನು ಒಂದಿಷ್ಟು ಎತ್ತಿ, ಅದರ ಕೆಳ ಅಂಚಿಗೆ ಬೆರಳು ತೂರಿಸಿ ತಡಕಿದರು. ನನ್ನನ್ನೂ ಬಗ್ಗಿಸಿ ತೋರಿಸಿದರು. ತೇಗದ ಅಂಚಿನಲ್ಲಿ ಹೆಬ್ಬೆರಳ ಉಗುರಿನಷ್ಟು ಹಳದಿ ಬೆಣೆ, ಹಲಸಿನ ಮರದ್ದು. ಯಾವ ಬಾಗಿಲು ಮಾಡಿದರೂ ಬುಡದ ಕಡೆ ಅವರು ಹೊಡೆಯುತ್ತಿದ್ದ ಗುರುತು. ಮುಂದೆ ಯಾರಾದರೂ ಬಾಗಿಲು ಬಿಚ್ಚಿ ಬೇರೆ ಕಡೆ ನಿಲ್ಲಿಸುವಾಗ ತಪ್ಪಬಾರದು ಎಂದು.

ಅದು ಅವರು ಸ್ವಂತವಾಗಿ ಕೆಲಸ ಹಿಡಿದು ಮಾಡಿದ ಮೊದಲ ಬಾಗಿಲು. ಎಂಟು ತಿಂಗಳು ಹೊಳಲೂರಿನಲ್ಲೇ ಇದ್ದು ಮಾಡಿದ್ದಂತೆ. ಬಾಗಿಲು ನಿಲ್ಲಿಸಿದ ದಿನ ಮನೆಯವರು ಪಂಚೆ, ತಾಂಬೂಲ ಕೊಟ್ಟರು. ಊಟಕ್ಕೆ ಮಾತ್ರ ಹಿತ್ತಲಿಗೆ ಬಾ ಎಂದರು. ಇದನ್ನು ಹೇಳುವಾಗ ಆಚಾರ್ರ ದನಿಯಲ್ಲಿ ಸಿಟ್ಟಿರಲಿಲ್ಲ. ಆ ಸಿಟ್ಟನ್ನು ಈಗ ನಾನು ಪಡುತ್ತಿದ್ದೇನೆ, ತಡವಾಗಿ, ಯಾರಿಗೂ ಉಪಯೋಗವಿಲ್ಲದ ಹಾಗೆ.

ಸಾಹೇಬರು ಹೊರಗೆ ಬಂದಾಗ ಆಚಾರ್ರು ಕೈ ಮುಗಿದು ಒಂದು ಬೇಡಿಕೆ ಇಟ್ಟರು. ಈ ಬಾಗಿಲು ತಮಗೆ ಕೊಡಬೇಕು. ಬದಲಿಗೆ ಹೊಸ ತೇಗದಲ್ಲಿ, ಇದೇ ಬಳ್ಳಿ, ಇದೇ ಗಿಳಿ, ಇದಕ್ಕಿಂತ ಚೆನ್ನಾಗಿ ಕೆತ್ತಿ ಕೊಡುತ್ತಾರೆ. ಕೂಲಿ ಬೇಡ. ಮನೆಗೆ ಒಂದು ಬಾಗಿಲು ಬೇಕಾಗಿದೆ, ಮೊಮ್ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದಾರೆ, ಪೆಟ್ಟಿಗೆ ಹಲಗೆ ತೆಗೆದು ಇದನ್ನು ನಿಲ್ಲಿಸುತ್ತೇನೆ ಎಂದರು. ಅವರು ಕೇಳಿದ್ದು ಅಷ್ಟೇ.

ಈ ಮುದುಕರು ಎಷ್ಟು ಮುದ್ದಾಗಿ ಮಾತಾಡ್ತಾರೆ ಎಂದು ಸಾಹೇಬರ ಹೆಂಡತಿ ಇಂಗ್ಲಿಷಿನಲ್ಲಿ ನನಗೆ ಹೇಳಿದರು. ಸಾಹೇಬರು ನಕ್ಕರು.

"ಹೊಸದು ಎಲ್ಲಿ ಬೇಕಾದ್ರೂ ಸಿಗುತ್ತಪ್ಪ. ನಮಗೆ ಬೇಕಾಗಿರೋದು ಹಳೇದು."

"ಇದು ಹೊಸದಾಗಿದ್ದಾಗ ಮಾಡಿದ್ದೂ ನಾನೇ ಸ್ವಾಮಿ."

ಆಮೇಲೆ ಆಚಾರ್ರು ನನ್ನ ಕಡೆ ತಿರುಗಿದರು. ಬಹಳ ವರ್ಷ ಈ ಕಥೆಯನ್ನು ಗೆಳೆಯರಿಗೆ ಹೇಳುವಾಗ, ನಾನು ಆ ಹೊತ್ತಿನಲ್ಲಿ ಅವರ ಪರವಾಗಿ ವಾದಿಸಿದೆ, ಕೆಲಸ ಹೋದರೂ ಹೋಗಲಿ ಎಂದು ಮಾತಾಡಿದೆ ಎಂದು ಸೇರಿಸುತ್ತಿದ್ದೆ. ಚೆನ್ನಾಗಿ ಕೂರುತ್ತಿತ್ತು ಆ ಭಾಗ, ಅಳತೆಗೆ ಸರಿಯಾಗಿ. ನಾನು ಮಾಡಿದ್ದು ಇಷ್ಟು: ಕಂಕುಳಲ್ಲಿದ್ದ ನಕ್ಷೆಯ ಸುರುಳಿ ಬಿಚ್ಚಿ ಜಗುಲಿಯ ಮೇಲೆ ಹರಡಿದೆ.

ಕೆಲಸ ಬೇಡವೆಂದು ಅವರು ಎದ್ದು ಬರುತ್ತಾರೆ ಎಂದುಕೊಂಡಿದ್ದೆ. ಬರಲಿಲ್ಲ. ಬೇರೆಯವರು ಕೊಯ್ದರೆ ಹಾಳು ಮಾಡುತ್ತಾರೆ, ನಾನೇ ಕೊಯ್ಯುತ್ತೇನೆ ಎಂದರು. ಒಂದು ವಾರ ಜಗುಲಿಯಲ್ಲಿ ಕೂತು ಒಂದು ಕದವನ್ನು ಮೇಜು ಮಾಡಿದರು. ಗರಗಸ ಇಡುವ ಮೊದಲು ಮರಕ್ಕೆ ನಮಸ್ಕಾರ ಮಾಡಿದರೆಂದು ಬರೆಯಲು ಕೈ ಓಡುತ್ತಿದೆ. ಮಾಡಿದ್ದನ್ನು ನಾನು ನೋಡಿಲ್ಲ, ಹಾಗಾಗಿ ಬರೆಯುವುದಿಲ್ಲ. ಇನ್ನೊಂದು ಕದವನ್ನು ಗೋಡೆಗೆ ಕೂಡಿಸುವ ದಿನ ಮಾತ್ರ ನನ್ನ ನಕ್ಷೆಯನ್ನು ಮಡಿಸಿ ನನಗೇ ವಾಪಸು ಕೊಟ್ಟರು. ಇದು ತಲೆಕೆಳಗಿದೆ ಎಂದರು. ಬೇಕೆಂದೇ ಹಾಗೆ ಬರೆದದ್ದು, ಇದು ಹೊಸ ಕಲೆ ಎಂದು ವಿವರಿಸಿದೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ ಇನ್ನೊಮ್ಮೆ ನನ್ನ ಕೈ ಹಿಡಿದು ಮರದ ಎಳೆಯ ಮೇಲೆ ಸವರಿಸಿದರು. ಗೊತ್ತಾಯಿತು ಎಂದೆ. ಕದವನ್ನು ಬುಡ ಕೆಳಗಾಗಿಯೇ ಕೂಡಿಸಿ, ತಿರುಪು ಹಾಕಿ, ಊರಿಗೆ ಹೊರಟರು. ನಾನು ತಡೆಯಲಿಲ್ಲ. ಒಳಗೊಳಗೇ, ಹಳೆಯ ಕಾಲದ ಮುದುಕರಿಗೆ ಇದೆಲ್ಲ ಎಲ್ಲಿ ತಿಳಿಯಬೇಕು ಎಂದುಕೊಂಡೆ.

ಭಾನುವಾರ ಚಹಾಕೂಟ. ಅಷ್ಟರಲ್ಲಿ ಸಾಹೇಬರು ನನ್ನ ನಕ್ಷೆ ತರಿಸಿ, ಕಾರ್ಖಾನೆಯ ಇಬ್ಬರು ಫಿಟ್ಟರುಗಳಿಂದ ಕದವನ್ನು ಬಿಚ್ಚಿಸಿ ತಿರುಗಿಸಿ ಹಾಕಿಸಿದ್ದರು. ನಾನು ಹೋದಾಗ ಬಳ್ಳಿ ಕೆಳಗೆ ಸುರಿಯುತ್ತಿತ್ತು. ಪರದೇಶದವರೊಬ್ಬರು ಗೋಡೆಯ ಮುಂದೆ ನಿಂತು ಬಾಯಿತುಂಬ ಹೊಗಳುತ್ತಿದ್ದರು. ಸಾಹೇಬರು ನನ್ನ ಬೆನ್ನು ತಟ್ಟಿದರು. ಕೊಯ್ದ ಕದದ ಮೇಲೆ ಬಿಸ್ಕತ್ತಿನ ತಟ್ಟೆಗಳು. ನನಗೆ ಬಹಳ ಸಂತೋಷವಾಗಿತ್ತು. ಇದೊಂದು ಮಾತ್ರ ನನಗೆ ಸ್ಪಷ್ಟವಾಗಿ ನೆನಪಿದೆ, ಮರೆತಿದ್ದರೆ ಒಳ್ಳೆಯದಿತ್ತು.

ಬಿಟ್ಟುಹೋದ ಉಳಿಯೊಂದನ್ನು ಒಯ್ಯಲು ಆಚಾರ್ರು ಅದೇ ಹೊತ್ತಿಗೆ ಬಂದರು. ಅಡುಗೆಮನೆಯ ಬಾಗಿಲಿಂದ ಅವರಿಗೆ ಗೋಡೆ ಕಂಡಿತು. ಚಪ್ಪಲಿ ಹೊರಗೇ ಬಿಟ್ಟು ಹಜಾರದೊಳಕ್ಕೆ ನಡೆದು ಬಂದರು. ಯಾರನ್ನೂ ನೋಡಲಿಲ್ಲ. ಸೊಂಟದಿಂದ ತಿರುಪುಳಿ ತೆಗೆದು ಕೆಳಗಿನ ತಿರುಪು ಬಿಚ್ಚತೊಡಗಿದರು. ಏನು ಮಾಡ್ತಿದೀಯ ಎಂದು ಸಾಹೇಬರು ಗದರಿದಾಗ ಕೈ ನಿಲ್ಲಿಸದೆ ಹೇಳಿದರು:

"ತಲೆಕೆಳಗಾಗಿದೆ ಸ್ವಾಮಿ. ಒಂದು ಗಳಿಗೆ ಕೂತ್ಕೊಳಿ, ಸರಿ ಮಾಡ್ಕೊಡ್ತೀನಿ."

ಎರಡು ತಿರುಪು ಬಿಚ್ಚಿದ್ದರು. ಕಾವಲಿನವನು ಬಂದು ರಟ್ಟೆ ಹಿಡಿದು ಎಳೆದುಕೊಂಡು ಹೋದ. ತಿರುಪುಳಿ ನೆಲದ ಮೇಲೆ ಉರುಳಿತು. ಸಾಹೇಬರು ಅತಿಥಿಗಳಿಗೆ, ಕುಡಿದಿದ್ದಾನೆ, ಕ್ಷಮಿಸಿ ಎಂದರು. ಜೀವಮಾನದಲ್ಲಿ ಎಲೆ ಅಡಿಕೆ ಬಿಟ್ಟು ಬೇರೇನೂ ಬಾಯಿಗಿಡದ ಮನುಷ್ಯನನ್ನು, ಅವರದೇ ಬಾಗಿಲ ಮುಂದೆ ನಿಂತು, ಕುಡುಕ ಎಂದರು. ಎಲ್ಲರೂ ಕ್ಷಮಿಸಿದರು. ಮತ್ತೆ ಚಹಾ ಬಂತು. ಇಷ್ಟು ವರ್ಷಗಳಾದರೂ ಆ ಕ್ಷಮೆ ನೆನಪಾದರೆ ನನ್ನ ಮೈ ಉರಿಯುತ್ತದೆ. ಅವರನ್ನು ಕ್ಷಮಿಸಲು ಇವರು ಯಾರು?

ಹೊಗಳುತ್ತಿದ್ದ ಪರದೇಶದವರು ನನ್ನ ಹತ್ತಿರ ಬಂದು, ಆ ವ್ಯಕ್ತಿ ನಿಮಗೆ ಪರಿಚಯವೇ ಎಂದು ಕೇಳಿದರು. ನಾನು ಏನೋ ಉತ್ತರ ಕೊಟ್ಟೆ. ಏನು ಕೊಟ್ಟೆ... ಎಷ್ಟು ಕೆದಕಿದರೂ ಅಲ್ಲಿ ಖಾಲಿ. ಹೌದು ಎಂದಿದ್ದರೆ ನೆನಪಿರುತ್ತಿತ್ತೇನೋ.

ಅದಾದ ಮೇಲೆ ಆಚಾರ್ರು ನನ್ನೊಡನೆ ಮಾತು ಬಿಡಲಿಲ್ಲ. ಬಿಟ್ಟಿದ್ದರೆ ಸುಲಭವಿತ್ತು. ಬೀದಿಯಲ್ಲಿ ಕಂಡಾಗ, ಊಟ ಆಯ್ತಾ ಮಾರಾಯ್ರೆ ಎಂದು ಮೊದಲಿನ ಹಾಗೇ ಕೇಳುತ್ತಿದ್ದರು. ಗಂಡಿನ ಕಡೆಯವರು ಬಂದು ಹೋದರೆಂದು ಕೇಳಿದೆ. ಯಾವ ಬಾಗಿಲಿಂದ ಒಳಗೆ ಹೋದರೆಂದು ನನಗೆ ಗೊತ್ತಿತ್ತು. ಮದುವೆಯಾಯಿತೋ ಎಂದು ಕೇಳುವ ಮುಖ ನನಗಿರಲಿಲ್ಲ. ಎರಡು ತಿಂಗಳಲ್ಲಿ ನಾನೇ ಭದ್ರಾವತಿಗೆ ಕೋಣೆ ಬದಲಾಯಿಸಿದೆ. ಓಡಾಟ ಕಷ್ಟ ಎಂದು ಕಾರಣ ಹೇಳಿದೆ.

ಮೂರೋ ನಾಲ್ಕೋ ವರ್ಷದ ಮೇಲೆ ಒಮ್ಮೆ ಆ ಬೀದಿಗೆ ಹೋದೆ. ಅದೇ ಪೆಟ್ಟಿಗೆ ಹಲಗೆಯ ಬಾಗಿಲು, ಮುಚ್ಚಿತ್ತು. ಬಾಣ ಮಾತ್ರ ಆಕಾಶ ನೋಡುತ್ತಿತ್ತು. ತಟ್ಟಿದೆ. ಬೇರೆ ಯಾರೋ ಹೆಂಗಸು ತೆಗೆದು, ಆಚಾರ್ರು ತೀರಿಹೋಗಿ ಒಂದೂವರೆ ವರ್ಷವಾಯಿತು ಎಂದರು. ಬಾಗಿಲನ್ನು ಅವರೇ ತಿರುಗಿಸಿ ಹೋದರೋ, ಆಮೇಲೆ ಬಂದವರು ಬಾಣ ನೋಡಿ ಸರಿಮಾಡಿಕೊಂಡರೋ, ನಾನು ಕೇಳಲಿಲ್ಲ.

ತಂಗಿಯ ಮಗನ ಮನೆಯಲ್ಲಿ ಎಲ್ಲರೂ ಮಹಡಿ ನೋಡಲು ಹೋದಾಗ ನಾನು ಮಂಡಿಯೂರಿ ಕೂತು ಆ ಮೇಜಿನ ಅಂಚುಗಳನ್ನು ತಡಕಿದೆ, ಹಳದಿ ಬೆಣೆ ಸಿಗುತ್ತದೇನೋ ಎಂದು. ನಾಲ್ಕೂ ಕಡೆ ಹಿತ್ತಾಳೆಯ ಪಟ್ಟಿ ಹೊಡೆದಿದ್ದರು. ಗಾಜಿನಡಿ ಬಳ್ಳಿಯೂ ಇಲ್ಲ, ಗಿಳಿಯೂ ಇಲ್ಲ, ಬರೀ ಹಲಗೆ, ಬಳೆ. ಇದು ಅವರದ್ದಲ್ಲದಿರಬಹುದು. ಯಾರದ್ದೋ.

ಹುಡುಗ ಇಳಿದು ಬಂದು, ಏನು ಹುಡುಕ್ತಿದೀರಿ ಮಾವ ಎಂದ. ಇದರ ಬುಡ ಯಾವ ಕಡೆ ಎಂದು ಕೇಳಿದೆ. ಅವನಿಗೆ ಅರ್ಥವಾಗಲಿಲ್ಲ. ಗಾಜು ಸರಿಸು ಎಂದೆ, ಒಂದಿಷ್ಟು ಸರಿಸಿದ. ಮರದ ಮೇಲೆ ಕೈಯಿಟ್ಟು ಎಳೆಯ ಜೊತೆ ಸವರಿದೆ, ಒಮ್ಮೆ ಆ ಕಡೆ, ಒಮ್ಮೆ ಈ ಕಡೆ. ಆಚಾರ್ರು ಎರಡು ಸಲ ನನ್ನ ಕೈ ಹಿಡಿದು ಕಲಿಸಿದ್ದರು. ಎರಡು ಸಲವೂ ಗೊತ್ತಾಯಿತು ಎಂದಿದ್ದೆ.

ನನಗೆ ಗೊತ್ತಾಗಿರಲಿಲ್ಲ. ಈಗಲೂ ಗೊತ್ತಾಗಲಿಲ್ಲ.