ವಿರುಪಾಕ್ಷ ಕೆತ್ತಿದ ಬೆನ್ನುಕವಚ

ನನ್ನ ಗೆಳೆಯ, ಧಾರವಾಡದ ವಿರುಪಾಕ್ಷ ಮೆಲ್ಬರ್ನ್‌ನಲ್ಲಿ ಗಾಳಿ ಮಾರಿ ಅನ್ನ ತಿನ್ನುವವನು ಎಂದು ನಾನು ಛೇಡಿಸುತ್ತಿದ್ದೆ. ಆಟಗಾರರನ್ನು ದೊಡ್ಡ ಫ್ಯಾನಿನ ಎದುರು ನಿಲ್ಲಿಸಿ, ಗಾಳಿ ಅವರನ್ನು ಎಷ್ಟು ಹಿಂದಕ್ಕೆ ತಳ್ಳುತ್ತದೆ ಎಂದು ಅಳೆಯುವ ವಿಂಡ್ ಟನಲ್‌ನಲ್ಲಿ ಅವನು ಎಂಜಿನಿಯರ್. ವಿಂಡಮ್ ವೇಲ್‌ನ ತನ್ನ ಮನೆಗೆ, ನಾನು ಸಿಡ್ನಿಯಿಂದ ಹೋದಾಗ, ಊಟಕ್ಕೆ ಕರೆದರೂ ಅದೇ ಮಾತು. ಅಂಗಿಯ ಒಂದು ಸುಕ್ಕು, ಹೆಲ್ಮೆಟ್ಟಿನಿಂದ ಹೊರಗೆ ಬಂದ ಜಡೆ, ಇಷ್ಟು ಸಾಕಂತೆ ಹಿಮದ ಮೇಲೆ ಪದಕ ಕಳೆದುಕೊಳ್ಳಲು. ರೊಟ್ಟಿ ಆರಿಹೋಗುತ್ತಿತ್ತು, ಅವನ ಗಾಳಿ ಮಾತ್ರ ನಿಲ್ಲುತ್ತಿರಲಿಲ್ಲ.

ಮಗಳು ಶಾಂಭವಿ ಸ್ಕೀ ಓಟಗಾರ್ತಿ. ಮೈ ಮುದುಡಿಕೊಂಡು ಹಿಮದ ಬೆಟ್ಟದ ತುದಿಯಿಂದ ಕಾರಿನ ವೇಗದಲ್ಲಿ ಇಳಿಯುವ ಸ್ಪರ್ಧೆ ಅವಳದು. ಆ ಚಳಿಗಾಲದ ಕೊನೆಯ ರೇಸ್ ಗೆದ್ದರೆ ರಾಷ್ಟ್ರೀಯ ತಂಡಕ್ಕೆ ಆಯ್ಕೆ ಖಾತ್ರಿಯಿತ್ತು. ಅಪ್ಪ ಅವಳನ್ನೂ ಫ್ಯಾನಿನ ಎದುರು ನಿಲ್ಲಿಸಿದ. ಮೈಗೆ ಅಂಟಿದ ಸೂಟಿನ ಒಳಗೆ, ಎದೆಯ ಮೇಲೆ, ನಿಂಬೆಹಣ್ಣಿನಷ್ಟು ಉಬ್ಬು ಕಾಣಿಸಿತು. ಅಜ್ಜಿ ಗೌರಕ್ಕ ಚಿಕ್ಕಂದಿನಲ್ಲೇ ದೀಕ್ಷೆ ಕೊಡಿಸಿ ಕಟ್ಟಿಸಿದ ಇಷ್ಟಲಿಂಗ ಅದು.

"ಡ್ಯಾಡ್, ರೇಸ್ ಟೂ ಮಿನಿಟ್ಸ್ ಅಷ್ಟೇ. ತೆಗೆದು ನಿಮ್ಮ ಕೈಗೆ ಕೊಡ್ತೀನಿ," ಎಂದಳು.

"ಬ್ಯಾಡ. ಮೈಮ್ಯಾಲಿನ ಲಿಂಗ ತಗಿಯೂದಂದ್ರ ಜೀವಾ ತಗದಂಗ. ಅವ್ವಗ ಗೊತ್ತಾದ್ರ ಉಣ್ಣೂದ ಬಿಡ್ತಾಳ."

ಬೆಳ್ಳಿಯ ಕರಡಿಗೆ ಬಿಡಿಸಿ, ಲಿಂಗವನ್ನು ಬಟ್ಟೆಯಲ್ಲಿ ಕಟ್ಟಿಸಿದ. ಉಬ್ಬು ತಗ್ಗಿತು, ಪೂರ್ತಿ ಹೋಗಲಿಲ್ಲ. ಗಾಳಿಗೇನು ಭಕ್ತಿ, ಅಡ್ಡ ಬಂದದ್ದನ್ನೆಲ್ಲ ತಳ್ಳುತ್ತದೆ.

ಆಮೇಲೆ ಅವನು ಮಾಡಿದ್ದನ್ನು ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಬಿದ್ದರೆ ಬೆನ್ನುಮೂಳೆ ಉಳಿಯಲಿ ಎಂದು ಈ ಓಟಗಾರರು ಸೂಟಿನ ಒಳಗೆ ದಪ್ಪ ಫೋಮಿನ ಕವಚ ಹಾಕಿಕೊಳ್ಳುತ್ತಾರೆ. ಗಾಳಿಗೆ ಅದೂ ಅಡ್ಡವೇ. ಎದೆಯಲ್ಲಿ ಕಳೆದುಕೊಂಡದ್ದನ್ನು ಬೆನ್ನಿನಲ್ಲಿ ಗಳಿಸೋಣ ಎಂದುಕೊಂಡ ಮಹರಾಯ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು! ಒಂದು ಶನಿವಾರ ಗ್ಯಾರೇಜಿನಲ್ಲಿ ಕೂತು ಕವಚದ ಹೊದಿಕೆ ಬಿಚ್ಚಿ, ಒಳಗಿನ ಫೋಮನ್ನು ಅರ್ಧದಷ್ಟು ಚಾಕುವಿನಿಂದ ಕೆತ್ತಿ, ಮತ್ತೆ ಹೊಲಿದ. ಹಗುರವಾಗಿದೆಯಲ್ಲ ಎಂದು ಮಗಳು ಕೇಳಿದ್ದಕ್ಕೆ ಹೊಸ ಮಾದರಿ ಎಂದ. ಕೋಚ್‌ಗೂ ಹೇಳಲಿಲ್ಲ. ಟನಲ್‌ನಲ್ಲಿ ಮತ್ತೆ ಅಳೆದು ನೋಡಿ ನನಗೆ ಫೋನ್ ಮಾಡಿದ. "ಗಾಳೀನ ಸೋಲಿಸೀನಿ ನೋಡಲೇ!" ಎಂದು ನಕ್ಕ. ಹೇಗೆ ಎಂದು ಕೇಳಿದರೆ ಬಾಯಿ ಬಿಡಲಿಲ್ಲ.

ರೇಸಿನಲ್ಲಿ ಶಾಂಭವಿ ಅರ್ಧ ದಾರಿಯವರೆಗೆ ಎಲ್ಲರಿಗಿಂತ ಮುಂದಿದ್ದಳು. ಒಂದು ತಿರುವಿನಲ್ಲಿ ಸ್ಕೀ ಜಾರಿತು. ಗಟ್ಟಿ ಹಿಮದ ಮೇಲೆ ಅಂಗಾತ ಬಿದ್ದು, ಅಂಚಿನ ಬಲೆಯವರೆಗೆ ಉರುಳಿದಳು. ಅಪ್ಪ ಕೆಳಗೆ ಗುರಿಯ ಬಳಿ ನಿಂತು ಕಾಯುತ್ತಿದ್ದ. ಸೊಂಟದ ಕೆಳಗೆ ಅವಳಿಗೆ ಮತ್ತೆ ಸ್ವಾಧೀನ ಬರಲಿಲ್ಲ. ಕವಚ ಪೂರ್ತಿ ಇದ್ದಿದ್ದರೆ ಬೆನ್ನುಮೂಳೆ ಉಳಿಯುತ್ತಿತ್ತೇ ಎಂದು ವಿರುಪಾಕ್ಷ ಡಾಕ್ಟರನ್ನು ಕೇಳಿದ. ಉಳಿಯಬಹುದಿತ್ತು, ಖಚಿತವಾಗಿ ಹೇಳಲಾಗದು ಎಂದರು.

ಅವನು ಆ ಕೆಲಸ ಬಿಟ್ಟ. ಈಗ ಸಿಡ್ನಿಯ ಕೆಲ್ಲಿವಿಲ್‌ನಲ್ಲಿ, ನಮ್ಮ ಬೀದಿಯಲ್ಲೇ, ಮೆಟ್ಟಿಲಿಲ್ಲದ ಮನೆ. ಮ್ಯಾಕ್ವೆರಿ ಪಾರ್ಕ್‌ನ ಔಷಧ ಕಂಪನಿಯಲ್ಲಿ ಕೆಲಸ. ಮೆಟ್ರೋದಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಾನೆ, ಮಾತಾಡುವುದಿಲ್ಲ. ಆ ವಾಚಾಳಿಯನ್ನು ಹಾಗೆ ನೋಡಲು ನನಗೆ ಸಂಕಟವಾಗುತ್ತದೆ.

ಕಳೆದ ತಿಂಗಳು ಗೌರಕ್ಕ ಧಾರವಾಡದಿಂದ ಬಂದರು. ನಾನು ನೋಡಲು ಹೋದಾಗ ಮೊಮ್ಮಗಳ ಗಾಲಿಕುರ್ಚಿಯ ಮುಂದೆ ಕೂತು ಅವಳ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು. "ಲಿಂಗಯ್ಯ ಮೈಮ್ಯಾಲಿದ್ದ, ಅದಕ್ಕ ಜೀವರ ಉಳೀತು," ಎಂದರು.

ವಿರುಪಾಕ್ಷನಿಗೆ ತಡೆಯಲಾಗಲಿಲ್ಲ. ಕವಚ ಕೆತ್ತಿದ್ದನ್ನು, ಯಾಕೆ ಕೆತ್ತಿದೆ ಎಂಬುದನ್ನು ಒಂದೇ ಉಸಿರಿಗೆ ಹೇಳಿದ.

"ಯೂ ಕಟ್ ಇಟ್, ಡ್ಯಾಡ್?" ಎಂದಳು ಶಾಂಭವಿ.

"ಹೂಂ," ಎಂದ. ಅವಳು ಮುಖ ಆಚೆ ತಿರುಗಿಸಿದಳು.

"ನಿನಗ ಹೆದರಿ ಮಾಡಿದೆ, ಅವ್ವಾ."

ಗೌರಕ್ಕನ ಕೈ ನಿಂತಿತು. ಮಗನ ಕಡೆ ತಿರುಗಿದರು.

"ಹುಚ್ಚಪ್ಪಾ, ನನ್ನ ಒಂದ್ ಮಾತು ಕೇಳಬಾರದಿತ್ತೇನೋ? ಕಣ್ಣಿನ ಆಪರೇಶನ್ ಆಗೂ ಮುಂದ ನಾನ ಲಿಂಗ ತಗದು ನಿಮ್ಮಪ್ಪನ ಕೈಯಾಗ ಕೊಟ್ಟಿದ್ದೆ. ಕೇಳಿದ್ರ ಹೂಂ ಅಂತಿದ್ದೆ."